ಹಾಲಿನ ಡೈರಿಯ ಮುಂದೆ ಓದಿದ ತಪಾಸಣಾ ವರದಿ

ಈ ಘಟನೆಯ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಂದು ಮಂಜಿತ್ತು ಎಂದು ನನ್ನ ದಿನಚರಿ ಹೇಳುತ್ತದೆ. ನನ್ನ ಮನಸ್ಸಿನಲ್ಲಿರುವುದು ಮಾತ್ರ ಎಳೆಬಿಸಿಲು. ಯಾರ ಮಾತು ಮೊದಲು, ಯಾರದು ಆಮೇಲೆ ಎಂಬುದೂ ಹಿಂದುಮುಂದಾಗಿರಬಹುದು. ಆದರೆ ಅಲ್ಲಿ ನಗು ಎದ್ದದ್ದು ನಿಜ.

ಕೋವಿಡ್ ರಜೆ ಮುಗಿದು ಶಾಲೆಗಳು ಬಾಗಿಲು ತೆರೆದ ಮರುವರ್ಷ. ನಾನಾಗ ಅಜ್ಜಂಪುರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಇಲಾಖೆಯ ತಂಡ ಬಂದು ಇಡೀ ದಿನ ತಪಾಸಣೆ ನಡೆಸಿತು. ಕೆಲವು ದಿನಗಳ ಮೇಲೆ ಎರಡು ಪುಟದ ವರದಿ ಕೈಸೇರಿತು. ಮೊದಲ ಪುಟದ ತುಂಬ ಹೊಗಳಿಕೆ: ಬಿಸಿಯೂಟದ ಅಡುಗೆಮನೆ ಶುಚಿ, ಕೈತೋಟ ಸೊಗಸು, ಹಾಜರಾತಿ ಉತ್ತಮ. ಎರಡನೇ ಪುಟದಲ್ಲಿ ಇದ್ದದ್ದು ಒಂದೇ ವಿಷಯ. ನಾಲ್ಕು ಮತ್ತು ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಎರಡನೇ ತರಗತಿಯ ಪಾಠವನ್ನೂ ತಡವರಿಸದೆ ಓದಲಾರರು.

ವರದಿಯನ್ನು ಪೋಷಕರಿಗೆ ತಿಳಿಸಬೇಕಿತ್ತು. ಸಾಮಾನ್ಯವಾಗಿ ಅದು ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರೇ ಸದಸ್ಯರಾಗಿರುವ ಶಾಲಾ ಸಮಿತಿಯಲ್ಲಿ, ಟೀ ಬರುವಷ್ಟರಲ್ಲಿ ಮುಗಿಯುವ ಕೆಲಸ. ಆ ಸಲ ನನಗೆ ಭಯವಿತ್ತು. ಬೀರೂರಿನ ಖಾಸಗಿ ಶಾಲೆಯೊಂದರ ವ್ಯಾನು ಜೂನ್‌ನಿಂದ ನಮ್ಮೂರಿಗೂ ಬರುವುದಿತ್ತು. ಹತ್ತು ಹನ್ನೆರಡು ಮಕ್ಕಳು ಅದನ್ನು ಹತ್ತಿದರೆ ನಮ್ಮಲ್ಲಿ ಒಬ್ಬರು ಶಿಕ್ಷಕರು 'ಹೆಚ್ಚುವರಿ' ಎನಿಸಿ ಬೇರೆ ಶಾಲೆಗೆ ಹೋಗಬೇಕು. ಹೋಗಬೇಕಾದವರು ಎಲ್ಲರಿಗಿಂತ ಕಿರಿಯರಾದ, ಗಣಿತವನ್ನು ಆಟದಂತೆ ಕಲಿಸುತ್ತಿದ್ದ ಶಾಹೀನಾ.

ಸಭೆ ಕರೆದೆ, ಬಂದವರು ಮೂವರು. ಬಾರದವರೆಲ್ಲ ದಿನವೂ ಬೆಳಿಗ್ಗೆ ಎಲ್ಲಿ ಸೇರುತ್ತಾರೆಂದು ಗೊತ್ತಿತ್ತು. ಮಾರನೆಯ ದಿನ ಶಾಹೀನಾ ಜೊತೆ ಹಾಲಿನ ಡೈರಿಗೆ ಹೋದೆ.

ಅಲ್ಲಿ ಕಾರ್ಯದರ್ಶಿ ಶಿವಣ್ಣ ಒಬ್ಬೊಬ್ಬರ ಹಾಲನ್ನೂ ಯಂತ್ರಕ್ಕೆ ಹಾಕಿ, ಕೊಬ್ಬಿನಂಶ ಎಷ್ಟೆಂದು ಎಲ್ಲರಿಗೂ ಕೇಳುವಂತೆ ಕೂಗುತ್ತಿದ್ದ.

"ಮಲ್ಲೇಶಣ್ಣ, ಮೂರು ಪಾಯಿಂಟ್ ಎರಡು!"

"ಲೇ, ಕೆರೆ ನೀರಿಗೂ ಇದಕ್ಕಿಂತ ಜಾಸ್ತಿ ಬತ್ತೈತೆ ಕಣೋ!" ಎಂದು ಹಿಂದಿನಿಂದ ಯಾರೋ ಛೇಡಿಸಿದರು. ಮಲ್ಲೇಶಪ್ಪ ತಾನೂ ನಕ್ಕು ಕ್ಯಾನು ಎತ್ತಿಕೊಂಡ.

ನಾನು ಮೊದಲ ಪುಟ ಓದಿದೆ. ಐದನೇ ತರಗತಿಯ ಹುಡುಗನೊಬ್ಬನ ತಾಯಿ ರತ್ನಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಬರೀ ಸಕ್ಕರೆನೇ ಸುರೀತಿದೀರಲ್ಲ ಮೇಡಂ. ಬೈದಿರೋದು ಏನೂ ಇಲ್ವಾ?"

ಎರಡನೇ ಪುಟವನ್ನೂ ಓದಿದೆ. ನನ್ನ ದನಿ ಸಣ್ಣಗಾಗಿತ್ತೆಂದು ಶಾಹೀನಾ ಆಮೇಲೆ ಹೇಳಿದರು.

"ನಮ್ ಹುಡುಗಿನೂ ಆ ಲೆಕ್ಕದಾಗೆ ಐದಾಳಾ?" ಮಲ್ಲೇಶಪ್ಪ ಕೇಳಿದ.

"ಇದ್ದಾಳೆ."

"ವ್ಯಾನಿಗೆ ಹೆಸರು ಬರೆಸಿದೀನಿ ಮೇಡಂ. ಸುಳ್ಳು ಯಾಕೆ ಹೇಳ್ಲಿ?"

ರತ್ನಮ್ಮ ಅವನತ್ತ ತಿರುಗಿದಳು. "ಅಲ್ಲ ಮಲ್ಲೇಶಣ್ಣ, ನಿನ್ ಹಸೂಗೆ ವರ್ಷ ಪೂರ್ತಿ ಮೂರು ಪಾಯಿಂಟ್ ಎರಡೇ ಬತ್ತೈತೆ. ಮಾರ್ಬಿಟ್ಯಾ?"

"ಯಾಕ್ ಮಾರ್ಲಿ? ಹಿಂಡಿ ಬದಲಾಯಿಸ್ತೀನಿ."

"ಮತ್ತೆ?"

ಡೈರಿಗೆ ಡೈರಿಯೇ ನಕ್ಕಿತು. ತನ್ನ ಮಾತಿಗೆ ತಾನೇ ಸಿಕ್ಕಿಬಿದ್ದ ಮಲ್ಲೇಶಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ, "ಆಯ್ತಮ್ಮ, ಯಾವ ಹಿಂಡಿ ಹಾಕ್ಬೇಕೋ ಅದನ್ನ ಮೇಡಮ್ಮೇ ಹೇಳ್ಲಿ" ಎಂದ.

ದಿನಕ್ಕೆ ಸ್ವಲ್ಪ ಹೊತ್ತು ಮಗು ಓದುವುದನ್ನು ಯಾರಾದರೂ ಕೂತು ಕೇಳಬೇಕು ಎಂದೆ.

"ನಂಗೇ ಓದಕ್ಕೆ ಬರಲ್ವಲ್ಲ" ಎಂದ ಮಲ್ಲೇಶಪ್ಪ.

"ಕೇಳೋಕೆ ಬರುತ್ತಲ್ಲ" ಎಂದರು ಶಾಹೀನಾ.

ಸಂಜೆ ಹಾಲು ಹಾಕುವ ಸಾಲು ನಿಧಾನಕ್ಕೆ ಸಾಗುತ್ತದೆ, ಎಲ್ಲರೂ ಸುಮ್ಮನೆ ನಿಂತಿರುತ್ತಾರೆ, ಅಲ್ಲೇ ಓದಲಿ ಎಂದು ಶಿವಣ್ಣ ಸೂಚಿಸಿದ. ಅಂದು ಸಂಜೆಯಿಂದಲೇ ಮಕ್ಕಳು ಶಾಲೆಯ ಕಥೆಪುಸ್ತಕ ಹಿಡಿದು ಕ್ಯಾನುಗಳ ನಡುವೆ ನಿಂತರು. ಒಬ್ಬರು ತಡವರಿಸಿದರೆ ಸಾಲಿನಲ್ಲಿದ್ದವರು ಮುಂದೇನಾಗಬಹುದೆಂದು ಊಹಿಸಿ ಕೂಗುತ್ತಿದ್ದರು. ಊಹೆ ತಪ್ಪಿದರೆ ಮಕ್ಕಳಿಗೆ ಹಬ್ಬ. ಮಲ್ಲೇಶಪ್ಪನ ಮಗಳು ಸ್ಫೂರ್ತಿ ನರಿಯ ಕಥೆಯನ್ನು ದನಿ ಬದಲಿಸಿ ಬದಲಿಸಿ ಓದಿದ ಸಂಜೆ ಸಾಲು ಮುಂದಕ್ಕೇ ಹೋಗಲಿಲ್ಲ. "ಹಾಲು ಒಡೆದು ಹೋಗ್ತೈತೆ ಕಣ್ರೀ, ಆ ನರೀನ ಬೇಗ ಬಾವಿಗೆ ಬೀಳಿಸ್ರೀ!" ಎಂದು ಶಿವಣ್ಣ ಗೋಗರೆದ.

ಜೂನ್‌ನಲ್ಲಿ ವ್ಯಾನು ಬಂತು. ಮೂರು ಮಕ್ಕಳು ಹತ್ತಿದರು, ಸ್ಫೂರ್ತಿ ಅವರಲ್ಲಿರಲಿಲ್ಲ. ಶಾಹೀನಾ ನಮ್ಮಲ್ಲೇ ಉಳಿದರು.

ಪೋಷಕರಿಗೆ ಕೆಟ್ಟ ಸುದ್ದಿ ತಡೆದುಕೊಳ್ಳುವ ಶಕ್ತಿಯಿಲ್ಲ ಎಂದುಕೊಳ್ಳುವುದು ನಮ್ಮ ಅನುಕೂಲಕ್ಕೆ. ಅವರು ದಿನಕ್ಕೆ ಎರಡು ಸಲ, ನಾಲ್ಕು ಜನರ ಎದುರೇ ಫಲಿತಾಂಶ ಕೇಳಿಸಿಕೊಂಡು ಮರುದಿನದ ಕೆಲಸ ನೋಡುವವರು. ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ.

ಕಡೂರಿನಲ್ಲಿ ನಡೆಯುವ ಶಿಕ್ಷಕರ ತರಬೇತಿಗಳಲ್ಲಿ ಇದನ್ನು ಹೇಳಿದಾಗ ನನ್ನ ಧೈರ್ಯವನ್ನು ಮೆಚ್ಚುತ್ತಾರೆ. ನಾನು ಹೇಳುವ ಕಥೆಯಲ್ಲಿ, ರತ್ನಮ್ಮ ಬಾಯಿ ತೆರೆಯುವ ಮೊದಲೇ ನನ್ನ ಕೈ ಪುಟ ತಿರುಗಿಸಿರುತ್ತದೆ. ನಿಜಕ್ಕೂ ಹಾಗಿತ್ತೋ, ಅವಳು ಕೇಳಿದ್ದಕ್ಕಷ್ಟೇ ತಿರುಗಿಸಿದೆನೋ, ದಿನಚರಿಯಲ್ಲಿ ಆ ಬಗ್ಗೆ ಒಂದು ಸಾಲೂ ಇಲ್ಲ. ಡೈರಿಗೆ ಹೋಗುವ ಹಿಂದಿನ ಸಂಜೆ ನಾನು ವರದಿ ಓದಿ ಅಭ್ಯಾಸ ಮಾಡಿದ್ದನ್ನು ಕೇಳಿಸಿಕೊಂಡವಳು ತಂಗಿ ವಸುಧಾ ಒಬ್ಬಳೇ. ಈಚೆಗೆ ತರೀಕೆರೆಯ ಅವಳ ಮನೆಗೆ ಹೋದಾಗ ಕೇಳಿದೆ. ಅವಳು ನನ್ನ ಮುಖ ನೋಡಿ ನಕ್ಕಳು, ಅಷ್ಟೇ. ಮೊನ್ನೆ ಫೋನಿನಲ್ಲಿ ಮತ್ತೆ ಕೇಳಿದೆ: "ವಸು, ಅವತ್ತು ನಿನ್ನ ಮುಂದೆ ನಾನು ಎರಡನೇ ಪುಟಾನೂ ಓದಿದ್ನೇನೇ?"