ಫುಮೆಯ ಅರ್ಧ ಕಾದಂಬರಿ

ಓಡುವ ಕುದುರೆಯನ್ನು ಕಡಿವಾಣ ಜಗ್ಗಿ ನಿಲ್ಲಿಸಿದ ವೀರರ ಕಥೆ ಎಲ್ಲ ಊರುಗಳಲ್ಲೂ ಇದೆ. ಬಿರುಗಾಳಿಯಲ್ಲಿ ಹಡಗನ್ನು ನಿಂತಲ್ಲೇ ನಿಲ್ಲಿಸಿದ ನಾವಿಕರು ನಮ್ಮ ದ್ವೀಪದಲ್ಲೇ ಮೂವರಿದ್ದಾರೆ, ಅವರ ಮಾತನ್ನು ನಂಬುವುದಾದರೆ. ಆದರೆ ಓಡುತ್ತಿರುವ ವಾಕ್ಯವನ್ನು ಜುಟ್ಟು ಹಿಡಿದು ನಿಲ್ಲಿಸಿದವಳು ಇಡೀ ಆಡ್ರಿಯಾಟಿಕ್ ಕಡಲಿಗೆ ಒಬ್ಬಳೇ. ಅವಳ ಹೆಸರು ಫುಮೆ.

ಮೀನಿಗೆ ಉಪ್ಪು ಹಾಕುವ ಶೆಡ್ಡಿನಲ್ಲಿ ಮೂವತ್ತು ಹೆಂಗಸರು ಸಾರ್ಡೀನ್ ಮೀನನ್ನು ಪೀಪಾಯಿಗಳಿಗೆ ಜೋಡಿಸುತ್ತಿದ್ದರೆ ಫುಮೆ ಒಂದು ಹಳೆಯ ದಪ್ಪ ಕಾದಂಬರಿಯನ್ನು ಅವರಿಗೆ ಗಟ್ಟಿಯಾಗಿ ಓದಿಹೇಳುತ್ತಿದ್ದಳು. ಅವಳ ಪಾಲಿನ ಮೀನನ್ನು ಉಳಿದವರು ಜೋಡಿಸಿಕೊಡುತ್ತಿದ್ದರು. ಕಥೆಯಲ್ಲಿ ಒಬ್ಬ ಗಿರಣಿಯವನು, ಅವನಿಗೊಬ್ಬಳು ಮಗಳು, ನೆರೆಮನೆಯಲ್ಲೊಬ್ಬ ದೋಣಿಯವನು. ಪ್ರವಾಹದಲ್ಲಿ ದೋಣಿಯವನು ಹುಡುಗಿಯ ನಾಯಿಯನ್ನು ಕೈಬಿಡುತ್ತಾನೆ. ಹುಡುಗಿ ಸೇಡಿಗಾಗಿ ಹಲ್ಲು ಕಡಿಯುತ್ತ ಇನ್ನೂರು ಪುಟ ಕಳೆಯುತ್ತಾಳೆ. ಕಡೆಗೊಂದು ಸಂಜೆ ಪಂಜು ಹಿಡಿದು ಅವನ ಮನೆ ಸುಡಲು ಹೊರಡುತ್ತಾಳೆ. ಅಪ್ಪ ದಾರಿಯಲ್ಲಿ ಸಿಕ್ಕಿ, ಬೈಯದೆ, ಹೊಡೆಯದೆ, ಮೆಲ್ಲಗೆ ಹೇಳುತ್ತಾನೆ: "ಬೆಂಕಿ ಹಚ್ಚುವ ಮೊದಲು ಒಂದು ಕೆಲಸ ಮಾಡು ಮಗಳೇ. ಹೋಗಿ ಅವನ..."

ಟಪ್! ಫುಮೆ ಪುಸ್ತಕ ಮುಚ್ಚುತ್ತಿದ್ದಳು. ಪ್ರತಿ ಚಳಿಗಾಲವೂ ಅಲ್ಲೇ, ಆ ಒಂದೇ ಮಾತಿನ ಮೇಲೆ.

ಆ ಅರ್ಧ ವಾಕ್ಯ ಮಾಡಿದ ಪರಾಕ್ರಮಗಳನ್ನು ಎಷ್ಟೆಂದು ಹೇಳುವುದು? ಸ್ಟೀಮರ್ ಹತ್ತಬೇಕಿದ್ದ ಕ್ಯಾಪ್ಟನ್ನನ ಅತ್ತೆ "ಹೋಗಿ ಅವನ ಏನು? ಏನು?" ಎಂದು ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಿದ್ದರಿಂದ ಸ್ಟೀಮರ್ ಇಪ್ಪತ್ತು ನಿಮಿಷ ತಡವಾಗಿ ಹೊರಟಿತು. "ಅವನ ಕತ್ತು ಹಿಸುಕು" ಅಂತಲೇ ಇರಬೇಕು ಎಂದವಳಿಗೂ, "ಅವನ ಕೋಳಿಗಳನ್ನು ಮೊದಲು ಹೊರಗೆ ಬಿಡು" ಎಂದವಳಿಗೂ ಕೈ ಕೈ ಮಿಲಾಯಿಸಿ, ಒಂದು ಪೀಪಾಯಿ ಮೀನು ನೆಲದ ಪಾಲಾಯಿತು. ಫುಮೆ ಮಾತ್ರ ತುಟಿ ಬಿಚ್ಚಲಿಲ್ಲ. ಎಂಥಾ ಕಲೆ, ಎಂಥಾ ಸಂಯಮ ಎಂದು ಊರು ಬೆರಗಾಯಿತು.

ಸಂಯಮವೂ ಇಲ್ಲ, ಕಲೆಯೂ ಇಲ್ಲ. ಅವಳ ಹತ್ತಿರ ಇದ್ದದ್ದೇ ಅಷ್ಟು.

ನಮ್ಮಲ್ಲಿ ಅಪ್ಪ ಸತ್ತರೆ ಎಲ್ಲವೂ ಸರಿಪಾಲು. ಒಬ್ಬರು ಕತ್ತರಿಸಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು. ಫುಮೆಯ ಅಪ್ಪ ಸತ್ತಾಗ ಅವಳಿಗೂ ಅವಳ ಅಣ್ಣ ತೊಮಾಜೊಗೂ ಮನೆ ಹಂಚಿಹೋಯಿತು: ಕೆಳಗಿನ ಅಂತಸ್ತು ಅವಳಿಗೆ, ಮೇಲಿನದು ಅವನಿಗೆ. ಹೊರಗಿನ ಕಲ್ಲು ಮೆಟ್ಟಿಲು ಹದಿಮೂರು. ಕೆಳಗಿನ ಆರು ಅವಳದು, ಮೇಲಿನ ಆರು ಅವನದು. ಏಳನೆಯದು ಯಾರದೂ ಅಲ್ಲ, ಆದ್ದರಿಂದ ಅದನ್ನು ಯಾರೂ ಗುಡಿಸುತ್ತಿರಲಿಲ್ಲ, ಅಲ್ಲಿ ಹುಲ್ಲು ಬೆಳೆದಿತ್ತು. ತಂಗಿಯ ಮೆಟ್ಟಿಲನ್ನು ತುಳಿಯುವುದಿಲ್ಲವೆಂದು ತೊಮಾಜೊ ತನ್ನ ಪಾಲಿನ ಅಂಗಳದಿಂದ ಎಂಟನೇ ಮೆಟ್ಟಿಲಿಗೆ ನೇರವಾಗಿ ಮರದ ಏಣಿ ಹಾಕಿಕೊಂಡ. ಅಂಗಳದಲ್ಲಿ ಸಿಹಿ ಕೋಡು ಬಿಡುವ ರೊಗಾಚ್ ಮರದಲ್ಲಿ ಪೂರ್ವದ ಕೊಂಬೆಗಳು ಫುಮೆಯವು, ಪಶ್ಚಿಮದವು ಅವನವು. ಕತ್ತೆ ಸೋಮ, ಬುಧ, ಶುಕ್ರ ಇವಳ ಪಾಲಿಗೆ. ಮಂಗಳ, ಗುರು, ಶನಿ ಅವನ ಪಾಲಿಗೆ. ಭಾನುವಾರ ಕತ್ತೆ ಕತ್ತೆಯ ಪಾಲಿಗೆ. ಇಡೀ ಕುಟುಂಬದಲ್ಲಿ ಸುಖವಾಗಿದ್ದದ್ದು ಅದೊಂದೇ.

ಕೊನೆಗೆ ಉಳಿದದ್ದು ಅಪ್ಪನ ಕಾದಂಬರಿ. ಆರುನೂರ ಹನ್ನೆರಡು ಪುಟ. ಮೀನಿನ ಚೂರಿ ಹಿಡಿದು ಕತ್ತರಿಸಿದವಳು ಫುಮೆ. ಅವಳ ಲೆಕ್ಕಾಚಾರ ಗಟ್ಟಿಯಾಗಿತ್ತು: ಚಿನ್ನದ ಅಕ್ಷರದ ರಟ್ಟು ಇರುವ ಮೊದಲರ್ಧವನ್ನೇ ಅಣ್ಣ ಬಾಚಿಕೊಳ್ಳುತ್ತಾನೆ, ಕಥೆಯ ಮುಕ್ತಾಯ ತನಗೆ ಸಿಗುತ್ತದೆ. ತೊಮಾಜೊ ಎರಡೂ ಭಾಗಗಳನ್ನು ಕೈಯಲ್ಲಿ ತೂಗಿ ನೋಡಿದ. ಅಪ್ಪ ಜೀವಮಾನದಲ್ಲಿ ಅರ್ಧಕ್ಕಿಂತ ಮುಂದೆ ಓದಿರಲಿಲ್ಲವಾದ್ದರಿಂದ ಎರಡನೆಯ ಭಾಗ ಬೆಳ್ಳಗೆ, ಹೊಸದಾಗಿ ಕಂಡಿತು.

"ನನಗಿದೇ ಇರಲಿ. ಅದು ಬಳಸಿದ್ದು," ಎಂದ.

ಅಂದಿನಿಂದ ಹನ್ನೊಂದು ವರ್ಷ ಅಣ್ಣ ತಂಗಿ ಮಾತಾಡಲಿಲ್ಲ. ಶಾಲೆಗೆ ಹೊಸದಾಗಿ ಬಂದ ಟೀಚರ್ ದೊಬ್ರಿಲಾ, "ಪಟ್ಟಣದ ಲೈಬ್ರರಿಯಿಂದ ಇಡೀ ಪುಸ್ತಕಾನೇ ತರಿಸ್ಕೊಡ್ತೀನಿ ಕಣ್ರೀ," ಎಂದಾಗ ಫುಮೆ ಮುಖ ತಿರುಗಿಸಿದಳು. "ನಮ್ಮಪ್ಪನ ಕಥೆ ನಮ್ಮಪ್ಪನ ಪುಸ್ತಕದಲ್ಲೇ ಮುಗೀಬೇಕು. ಇಲ್ಲಾಂದ್ರೆ ಮುಗಿಯೋದೇ ಬೇಡ."

ಫುಮೆಯ ಗಂಡ ಸರಕು ಹಡಗಿನಲ್ಲಿ ಅಡುಗೆಯವನು. ವರ್ಷಕ್ಕೊಮ್ಮೆ ಬಂದು, ಉಂಡು, ಮಲಗಿ, ಹೋಗುತ್ತಿದ್ದ. ಹೀಗಾಗಿ ಮಗಳು ಪೆರೀನಾಳನ್ನು ಬೆಳೆಸಿದ್ದು ಅರ್ಧ ಫುಮೆ, ಅರ್ಧ ಆ ಅರ್ಧ ಕಾದಂಬರಿ. ಮಲಗುವ ಮುನ್ನ ಮಗು ತಪ್ಪದೆ ಕೇಳುತ್ತಿತ್ತು: "ಆಮೇಲೆ ಅಪ್ಪ ಏನು ಹೇಳ್ದ ಅಮ್ಮ? 'ಹೋಗಿ ಅವನ' ಏನು?" ಮಗುವಿಗೆ ಗೊತ್ತಿಲ್ಲ ಎನ್ನಲಾದೀತೇ? ಮೇಲಿನ ಅಂತಸ್ತಿನಲ್ಲಿ ತೊಮಾಜೊನ ಹೆಜ್ಜೆ ಸದ್ದು ಕೇಳಿಸುತ್ತಿತ್ತು. ಫುಮೆ ಸೂರನ್ನೇ ದಿಟ್ಟಿಸುತ್ತ ವಾಕ್ಯವನ್ನು ತಾನೇ ಮುಗಿಸಿದಳು: "ಹೋಗಿ ಅವನ ಅಂಗಳದಲ್ಲಿ ನಿಂತು ಗಾಳಿ ಯಾವ ಕಡೆಗಿದೆ ನೋಡು. ಆಮೇಲೆ ಹಚ್ಚು."

ಮಗು ನೆಮ್ಮದಿಯಿಂದ ನಿದ್ದೆ ಹೋಗುತ್ತಿತ್ತು.

ಪೆರೀನಾಗೆ ಹತ್ತು ತುಂಬಿದ ವರ್ಷ ಫುಮೆ ರೊಗಾಚ್ ಮರಕ್ಕೆ ಒಂದು ಉಯ್ಯಾಲೆ ಕಟ್ಟಿಕೊಟ್ಟಳು. ಹಗ್ಗ ಕಟ್ಟಿದ್ದು ತನ್ನ ಕೊಂಬೆಗೇ, ಅಳತೆ ಹಿಡಿದು. ಆದರೆ ಉಯ್ಯಾಲೆಗೆ ಗಡಿ ಗೊತ್ತೇ? ಜೋರಾಗಿ ಜೀಕಿದಾಗಲೆಲ್ಲ ಪೆರೀನಾಳ ಕಾಲು ಪಶ್ಚಿಮಕ್ಕೆ ಹಾರಿ ತೊಮಾಜೊನ ಕಿಟಕಿಯ ತನಕ ಹೋಗಿಬರುತ್ತಿತ್ತು. ನಾಲ್ಕನೇ ದಿನ ಅವಳು ಶಾಲೆಯಿಂದ ಬರುವಷ್ಟರಲ್ಲಿ ಉಯ್ಯಾಲೆ ಇರಲಿಲ್ಲ. ಹಗ್ಗವನ್ನು ಸರಿಯಾಗಿ ನಡುವೆ ಕತ್ತರಿಸಿ, ಒಂದು ಅರ್ಧವನ್ನು ಅಚ್ಚುಕಟ್ಟಾಗಿ ಸುತ್ತಿ ಫುಮೆಯ ಹೊಸ್ತಿಲ ಮೇಲೆ ಇಡಲಾಗಿತ್ತು. ಇನ್ನೊಂದು ಅರ್ಧ ಮೇಲೆ, ಎಂಟನೇ ಮೆಟ್ಟಿಲ ಮೇಲಿತ್ತು.

ಪೆರೀನಾ ಅಳಲಿಲ್ಲ. ಅಳದಿದ್ದುದನ್ನು ಕಂಡು ಫುಮೆಗೆ ಹೆಮ್ಮೆಯಾಯಿತು. "ಸೇಡು ಈಗಲೇ ಬೇಡ ಕಣೇ," ಎಂದು ಮಗಳ ತಲೆ ಸವರಿ, ಅಣ್ಣನ ಮೇಲೆ ಹೂಡಬಹುದಾದ ಹನ್ನೆರಡು ಸೇಡುಗಳನ್ನು ಒಂದೊಂದಾಗಿ ವಿವರಿಸಿದಳು. ಕತ್ತೆಗೆ ಸೋಮವಾರ ಉಪ್ಪು ಮೇವು ತಿನ್ನಿಸಿದರೆ ಮಂಗಳವಾರ ಅದು ಬಾವಿ ಬಿಟ್ಟು ಕದಲುವುದಿಲ್ಲ. ಸತ್ತ ಮೀನನ್ನು ಏಣಿಯ ಟೊಳ್ಳು ಮೆಟ್ಟಿಲೊಳಗೆ ತುರುಕಬಹುದು. ಒಂದಕ್ಕಿಂತ ಒಂದು ರುಚಿ. ತಾಯಿ ಮಗಳು ಅವನ್ನು ಒಣ ಅಂಜೂರದ ಹಾಗೆ ಬಾಯಲ್ಲಿ ಹೊರಳಿಸುತ್ತ ಆ ಸಂಜೆ ಕಳೆದರು.

ಮರುದಿನ ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾಗಿದ್ದ ಹೊತ್ತು. ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಫುಮೆ ತಲೆಯೆತ್ತಿದಾಗ, ಪೆರೀನಾ ತೊಮಾಜೊನ ಏಣಿಯ ಬುಡದಲ್ಲಿ ನಿಂತಿದ್ದಳು. ಅಲ್ಲಿ ಅವನು ಚಳಿಗಾಲಕ್ಕೆಂದು ಒಣಗಿದ ದ್ರಾಕ್ಷಿ ಬಳ್ಳಿಯ ಕಡ್ಡಿಗಳನ್ನು ಆಳೆತ್ತರ ಒಟ್ಟಿದ್ದ. ಹುಡುಗಿಯ ಎಡಗೈಯಲ್ಲಿ ಬೆಂಕಿಪೊಟ್ಟಣ. ಬಲಗೈಯ ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಮೇಲೆತ್ತಿದ್ದಳು.

'ಗಾಳಿ ನೋಡ್ತಿದಾಳೆ, ನನ್ನ ಬಂಗಾರ,' ಎಂದುಕೊಂಡಳು ಫುಮೆ. ಎದೆ ಉಬ್ಬಿತು. ಅದೇ ಉಬ್ಬಿನಲ್ಲಿ ತಾನೂ ಒಂದು ಬೆರಳು ಒದ್ದೆ ಮಾಡಿ ಎತ್ತಿದಳು. ಮರುಕ್ಷಣ ಮಡಿಲಿನ ಸೊಪ್ಪೆಲ್ಲ ನೆಲಕ್ಕೆ ಬಿತ್ತು.

"ಪೆರೀನಾ! ಆ ಪೊಟ್ಟಣ ಇಲ್ಲಿ ಕೊಡು!"

"ಯಾಕೆ? ಪುಸ್ತಕದಲ್ಲಿ ಅಪ್ಪಾನೇ ಹೇಳಿದಾನಲ್ಲ, ಗಾಳಿ ನೋಡಿ ಹಚ್ಚು ಅಂತ. ನೋಡಿದೀನಿ."

"ಅವನು ಹಾಗೆ ಹೇಳಿಲ್ಲ ಕಣೇ."

"ಮತ್ತೇನು ಹೇಳಿದಾನೆ?"

"ನಂಗೊತ್ತಿಲ್ಲ."

ಪೆರೀನಾ ಬೆರಳು ಇಳಿಸಿ ತಾಯಿಯನ್ನೇ ನೋಡಿದಳು. "ಗೊತ್ತಿಲ್ಲದೆ ಇಷ್ಟು ವರ್ಷ ಹೇಳ್ದೆಯಾ?"

ತೊಮಾಜೊ ಹನ್ನೊಂದು ವರ್ಷದಲ್ಲಿ ಮಾಡಲಾಗದ ಗಾಯವನ್ನು ಆ ಹುಡುಗಿ ಒಂದೇ ಪ್ರಶ್ನೆಯಲ್ಲಿ ಮಾಡಿದಳು. ಜೊತೆಗೆ ಕಡ್ಡಿಯೊಂದನ್ನು ಹೊರಗೆ ತೆಗೆದು ಷರತ್ತನ್ನೂ ಹಾಕಿದಳು: "ಅವನು ನಿಜವಾಗ್ಲೂ ಏನು ಹೇಳ್ದ ಅಂತ ಗೊತ್ತಾಗ್ಬೇಕು. ಈಗ್ಲೇ. ಇಲ್ಲಾಂದ್ರೆ ನೀನು ಹೇಳಿಕೊಟ್ಟಿದ್ದೇ ಸರಿ."

ಫುಮೆ ಮಗಳ ರಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ತನ್ನ ಆರು ಮೆಟ್ಟಿಲು ಸರಾಗವಾಗಿ ಮುಗಿದವು. ಏಳನೆಯದರ ಹುಲ್ಲಿನ ಮೇಲೆ ಕಾಲಿಟ್ಟಾಗ ಪರದೇಶಕ್ಕೆ ದಂಡೆತ್ತಿ ಹೋದ ಸೇನಾಪತಿಯ ಹಾಗೆ ಉಸಿರು ಬಿಗಿಹಿಡಿದಳು. ಅಲ್ಲಿಂದ ಮುಂದೆ ಹೋಗಲು ಹಕ್ಕಿಲ್ಲ. ಅಲ್ಲೇ ನಿಂತು ಕೂಗಿದಳು.

ತೊಮಾಜೊ ಹೊರಬಂದ. ಬರಿಗಾಲು, ದಾರ ಕಟ್ಟಿದ ಕನ್ನಡಕ, ಭುಜದ ಮೇಲೆ ಅರ್ಧ ಹೊಲಿದ ಮೀನಿನ ಬಲೆ. ಹೆಂಡತಿಯಿಲ್ಲ, ಮಕ್ಕಳಿಲ್ಲ, ಮನೆಯಿಂದ ಒಬ್ಬನೇ ಹೊರಬರುವುದಕ್ಕೂ ಅವನಿಗೆ ಬಹಳ ಹೊತ್ತು ಹಿಡಿಯಿತು.

"ಏನು ಬೇಕು?"

"ಮುನ್ನೂರ ಏಳನೇ ಪುಟದ ಮೊದಲನೇ ಸಾಲು."

"ಹನ್ನೊಂದು ವರ್ಷ ಆದ್ಮೇಲೆ 'ಹೇಗಿದೀಯ ಅಣ್ಣ' ಅಂತ ಶುರು ಮಾಡ್ಬೋದಿತ್ತು."

"ಹೇಗಿದೀಯ ಅಂತ ಕೆಳಗಡೇಗೇ ಕೇಳ್ಸುತ್ತೆ. ಕೆಮ್ಮೋದು ಬಿಟ್ರೆ ಇನ್ನೇನು ಮಾಡ್ತೀಯ? ಸಾಲು ಹೇಳು."

ತೊಮಾಜೊನ ಮುಖದಲ್ಲಿ ಹಳೆಯ ವ್ಯಾಪಾರಿಯೊಬ್ಬ ಎದ್ದು ಕೂತ. "ಪುಕ್ಕಟೆ ಹೇಳಲ್ಲ. ನನ್ನ ಅರ್ಧದಲ್ಲಿ ಆ ದೋಣಿಯವನು ಕೆಂಪು ಪಟ್ಟಿ ಕಂಡಲ್ಲೆಲ್ಲ ಅಳ್ತಾನೆ. ಸಂತೇಲಿ ಅಳ್ತಾನೆ, ಚರ್ಚಲ್ಲಿ ಅಳ್ತಾನೆ. ಯಾಕೆ ಅಂತ ಯೋಚಿಸಿ ಯೋಚಿಸಿ ತಲೆ ನೆರೆತೋಯ್ತು. ಯಾಕೆ?"

ಆಹಾ! ಫುಮೆಗೆ ಆ ಕ್ಷಣ ಸ್ವರ್ಗ ಮೂರೇ ಗೇಣು. ಅವಳಿಗೆ ಗೊತ್ತಿತ್ತು. ಮೂವತ್ತೇಳನೇ ಪುಟದಿಂದಲೂ ಗೊತ್ತಿತ್ತು: ನಾಯಿ ನೀರಲ್ಲಿ ಕೊಚ್ಚಿಹೋದಾಗ ಅದರ ಕೆಂಪು ಕೊರಳ ಪಟ್ಟಿಯೊಂದೇ ದೋಣಿಯವನ ಕೈಯಲ್ಲಿ ಉಳಿಯಿತು. ಅಣ್ಣ ಹನ್ನೊಂದು ವರ್ಷ ಕೊರಗಿದ್ದು ತಾನು ದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದ ಒಂದು ಹಾಳೆಗಾಗಿ! ಇದಕ್ಕಿಂತ ಒಳ್ಳೆಯ ಸೇಡನ್ನು ಅವಳು ಬೇಕೆಂದು ಹೂಡಿದ್ದರೂ ಹೂಡಲಾಗುತ್ತಿರಲಿಲ್ಲ.

"ಮೊದಲು ನನ್ನದು," ಎಂದಳು. "ಮಗು ಕೈಲಿ ಬೆಂಕಿ ಇದೆ."

ತೊಮಾಜೊ ಹುಡುಗಿಯ ಕೈ ನೋಡಿದ, ಕೆಳಗೆ ಕಡ್ಡಿಯ ಒಟ್ಟಿಲು ನೋಡಿದ. ಒಳಗೆ ಹೋಗಿ ತನ್ನ ಅರ್ಧ ತಂದು ಎಂಟನೇ ಮೆಟ್ಟಿಲಲ್ಲಿ ಕೂತ. ಫುಮೆ ಏಳನೆಯದರಲ್ಲೇ ಕುಸಿದು ಕೂತಳು. ಅವನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ: "ಬಾಗಿಲು ತಟ್ಟು. ಅವನು ಎದ್ದು ಬಂದು ನಿನ್ನ ಎದುರು ನಿಲ್ಲಲಿ. ಆಮೇಲೂ ಹಚ್ಚಬೇಕು ಅನ್ನಿಸಿದರೆ ಹಚ್ಚು. ನಾನು ತಡೆಯುವುದಿಲ್ಲ."

"ಅವಳು ತಟ್ಟಿದ್ಲಾ?" ಪೆರೀನಾ ಕೇಳಿದಳು.

"ತಟ್ಟಿದ್ಲು." ತೊಮಾಜೊ ಪುಟ ಮಗುಚಿದ. ಮುಂದಿನದು ಅವನಿಗೆ ಬಾಯಿಪಾಠವಿತ್ತು. "ದೋಣಿಯವನು ಬಾಗಿಲು ತೆಗೆದು ಪಂಜು ನೋಡ್ತಾನೆ. 'ಒಳ್ಳೆ ಹೊತ್ತಿಗೆ ಬೆಳಕು ತಂದೆ ಮಗೂ, ದೀಪದಲ್ಲಿ ಎಣ್ಣೆ ಮುಗಿದಿದೆ. ಹೆಂಡತಿಗೆ ಔಷಧಿ ಕೊಡಬೇಕು, ಒಳಗೆ ಬಂದು ಸ್ವಲ್ಪ ಹಿಡಿ' ಅಂತಾನೆ."

"ಹಿಡಿದ್ಲಾ?"

"ಬೆಳಗಾಗೋ ತನಕ."

ಫುಮೆಗೆ ಮೈಯೆಲ್ಲ ಉರಿ. ಇಂಥ ಮಾತು ಇಷ್ಟು ವರ್ಷ ತನ್ನ ತಲೆಯ ಮೇಲಿನ ಅಂತಸ್ತಿನಲ್ಲೇ ಬಿದ್ದಿತ್ತು; ತಾನು ಮಗಳಿಗೆ ಗಾಳಿಯ ದಿಕ್ಕು ಕಲಿಸುತ್ತ ಕೂತಿದ್ದಳು.

ಪೆರೀನಾ ಕಡ್ಡಿಯನ್ನು ಪೊಟ್ಟಣದೊಳಗೆ ಇಡಲಿಲ್ಲ, ಗೀರಲೂ ಇಲ್ಲ. ಎದುರಿಗಿದ್ದವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: "ಉಯ್ಯಾಲೆ ಯಾಕೆ ಕತ್ತರಿಸ್ದೆ ಮಾವ?"

"ನಿನ್ನ ಕಾಲು ನನ್ನ ಕಿಟಕಿಗೆ ಬರ್ತಿತ್ತು."

"ಬಂದ್ರೆ ಏನಾಗುತ್ತೆ?"

ತೊಮಾಜೊ ಕನ್ನಡಕ ತೆಗೆದು ಬಲೆಗೆ ಒರೆಸಿದ. "ಬರೀ ಕಾಲು ಬರ್ತಿತ್ತು, ಹೋಗ್ತಿತ್ತು. ಮುಖ ಬರ್ತಾನೇ ಇರ್ಲಿಲ್ಲ. ದಿನಾ ಕಿಟಕಿ ಹತ್ರಾನೇ ಕೂತಿರ್ತೀನಿ. ಎಷ್ಟು ದಿನ ಅಂತ ಕಾಲು ನೋಡೋದು?"

ಪೆರೀನಾ ಇದನ್ನು ಬಹಳ ಹೊತ್ತು ತೂಗಿದಳು. ಆಮೇಲೆ ಕಡ್ಡಿಯನ್ನು ಪೊಟ್ಟಣಕ್ಕೆ ಹಾಕಿ, ಎಂಟನೇ ಮೆಟ್ಟಿಲ ಮೇಲಿದ್ದ ಅರ್ಧ ಹಗ್ಗವನ್ನು ಎತ್ತಿಕೊಂಡಳು. "ಗಂಟು ಹಾಕಿದ್ರೆ ಹಗ್ಗ ಗಿಡ್ಡ ಆಗುತ್ತೆ, ಕಾಲು ನಿನ್ನ ಕಿಟಕಿಗೆ ಬರಲ್ಲ. ಮುಖ ತೋರ್ಸೋಕೆ ಮೆಟ್ಟಿಲಲ್ಲೇ ಬರ್ತೀನಿ. ಆದ್ರೆ ಕತ್ತರಿಸಿದ್ದು ನೀನು, ಗಂಟು ನೀನೇ ಹಾಕ್ಬೇಕು."

"ಹಾಕ್ತೀನಿ. ಗಂಟಲ್ಲಿ ನಮ್ಮನ್ನ ಮೀರಿಸೋರಿಲ್ಲ," ಎಂದ ಬಲೆಗಾರ. ತಂಗಿಯತ್ತ ತಿರುಗಿದ. "ಈಗ ಹೇಳು. ಕೆಂಪು ಪಟ್ಟಿ?"

ಫುಮೆ ಎದ್ದು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನನ್ನು ಸಾವಕಾಶವಾಗಿ ಕೊಡವಿಕೊಂಡಳು. "ಒಂದನೇ ಪುಟದಿಂದ ಬಾ. ವಾರಕ್ಕೆ ಮೂರು ಹಾಳೆ. ಕತ್ತೆ ನನ್ನ ಪಾಲಿಗಿರೋ ದಿನ."

"ಲೇ ಫುಮೆ, ಒಂದೇ ಮಾತು ತಾನೇ!"

"ನನಗೂ ಒಂದೇ ಮಾತು ಬೇಕಾಗಿತ್ತು. ಹನ್ನೊಂದು ವರ್ಷ."

ಅಷ್ಟಕ್ಕೂ ಬಿಡಲಿಲ್ಲ. ಮೂವತ್ತೇಳನೇ ಪುಟದ ಸರದಿ ಬಂದಾಗ ಆ ಹಾಳೆ ಮಾತ್ರ ಕಾಣೆಯಾಗಿತ್ತು. "ಇಲಿ ತಿಂದಿರ್ಬೇಕು," ಎಂದಳು ಫುಮೆ, ಕಣ್ಣು ಮಿಟುಕಿಸದೆ. ತೊಮಾಜೊ ಅದನ್ನು ನೆನಪಿಟ್ಟುಕೊಂಡ. ಅವಳ ಓದಿಗೆ ಬದಲಾಗಿ ಅವನು ತನ್ನ ಅರ್ಧವನ್ನು ಅವಳಿಗೆ ಓದಿ ಮುಗಿಸುವ ದಿನ ಕೊನೆಯ ಹಾಳೆ ಇರಲಿಲ್ಲ. "ಮೇಲೂ ಇಲಿಗಳಿವೆ," ಎಂದ. ಈಸ್ಟರ್ ಹಬ್ಬದ ಮುಂಚಿನ ದಿನ ಎರಡೂ ಕಡೆಯ ಇಲಿಗಳು ಏಳನೇ ಮೆಟ್ಟಿಲಲ್ಲಿ, ಎಡಗೈಯಿಂದ ಕೊಡುತ್ತ ಬಲಗೈಯಿಂದ ಕಸಿದುಕೊಳ್ಳುತ್ತ, ಹಾಳೆಗಳನ್ನು ಬದಲಾಯಿಸಿಕೊಂಡವು. ಪೆರೀನಾ ನಡುವೆ ಕೂತು, ಯಾರೂ ಮೊದಲು ಬಿಡದಂತೆ ಮೂರು ಎಣಿಸಿದಳು. ಕೆಂಪು ಪಟ್ಟಿಯ ಕಥೆ ಓದಿ ತೊಮಾಜೊ ದೋಣಿಯವನ ಹಾಗೆಯೇ ಅತ್ತ. ಫುಮೆ ಅದನ್ನು ಸವಿಯುತ್ತ ನಿಂತಿದ್ದು, ಕೊನೆಗೆ ತನ್ನ ಕರವಸ್ತ್ರ ಕೊಟ್ಟಳು. ಮರುದಿನ ವಾಪಸ್ ಕೇಳಿದಳು. ಹಡಗಿನ ಪಟ ಹೊಲಿಯುವ ದಾರದಿಂದ ಪುಸ್ತಕ ಒಂದಾಯಿತು. ಕತ್ತೆಯ ಹಾಗೆ ದಿನ ಬಿಟ್ಟು ದಿನ ಮೇಲೆ ಕೆಳಗೆ ಓಡಾಡಿತು.

ಊರಿಗೆ ಇಷ್ಟು ಸಾಕಾಯಿತು. ಫುಮೆ ಮಗಳ ಕೈ ಹಿಡಿದು ಮೆಟ್ಟಿಲೇರಿದಾಗ ಆಕಾಶದಲ್ಲಿ ಬೆಳಕು ಕಂಡಿತೆಂದೂ, ಏಳನೇ ಮೆಟ್ಟಿಲ ಹುಲ್ಲು ಹೂ ಬಿಟ್ಟಿತೆಂದೂ ಕಥೆಗಳು ಹುಟ್ಟಿದವು. ಮುಂದಿನ ಚಳಿಗಾಲ ಶೆಡ್ಡಿನಲ್ಲಿ ಅವಳು ಆ ವಾಕ್ಯವನ್ನು ಪೂರ್ತಿ ಓದಿದ ದಿನ ಕ್ಯಾಪ್ಟನ್ನನ ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಟೀಚರ್ ದೊಬ್ರಿಲಾ ಕಣ್ಣೊರೆಸಿಕೊಳ್ಳುತ್ತ ಮುಂದೆ ಬಂದಳು.

"ಇದನ್ನ ನಾನು ಶಾಲೆ ಮಕ್ಕಳಿಗೆ ಹೇಳಲೇಬೇಕು ಫುಮಕ್ಕ. ಹನ್ನೊಂದು ವರ್ಷದ ದ್ವೇಷ ಒಂದೇ ಕ್ಷಣದಲ್ಲಿ ಕರಗಿಹೋಯ್ತಲ್ಲ, ಆಗ ಏನನ್ನಿಸ್ತು ನಿಮಗೆ? ಅಣ್ಣನ ಮೇಲೆ ಕರುಣೆ ಹುಟ್ತಾ?"

ಫುಮೆ ಬೆರಳಿಗಂಟಿದ್ದ ಉಪ್ಪನ್ನು ನೆಕ್ಕಿ, ಅಭ್ಯಾಸದಂತೆ ಅದನ್ನು ಒಮ್ಮೆ ಮೇಲೆತ್ತಿ ನೋಡಿದಳು.

"ಅವತ್ತು ಗಾಳಿ ನಮ್ಮ ಬಾಗಿಲ ಕಡೆಗೆ ಬೀಸ್ತಿತ್ತು ಕಣಮ್ಮ."