ಬೆಲ್ಲ ಹತ್ತಿದ ಬೆರಳು

ಅದು ೨೦೦೭ರ ಸಂಕ್ರಾಂತಿ. ಆಗ ನಾವು ವಿಜಯನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿದ್ದೆವು. ಅತ್ತೆಯ ಸಕ್ಕರೆ ಕಾಯಿಲೆ ಹಳೆಯದು. ಹಿಂದಿನ ದೀಪಾವಳಿಗೆ ನನ್ನ ಗಂಡ ಮನೆಯಲ್ಲೇ ಸಕ್ಕರೆ ನೋಡುವ ಮೆಷಿನ್ ತಂದಿದ್ದರು. ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಗೆ ತಾಗಿಸಿದರೆ ಸಾಕು, ಅಂಕಿ ಬರುತ್ತಿತ್ತು. ಅದು ಬಂದಮೇಲೆ ಮನೆಯಲ್ಲಿ ಅತ್ತೆಯ ಮಾತಿಗಿಂತ ಅದರ ಮಾತೇ ನಡೆಯುತ್ತಿತ್ತು. ಅವರು ಒಂದು ಬಾಳೆಹಣ್ಣು ತಿಂದರೂ ಚಾಡಿ ಹೇಳುತ್ತಿತ್ತು.

ಅತ್ತೆಗೆ ಸಿಹಿ ಎಂದರೆ ಪ್ರಾಣ. ಒಂದೆರಡು ಸಲ ಕದ್ದು ತಿಂದು ಸಿಕ್ಕಿಬಿದ್ದೂ ಇದ್ದರು. ಆದರೆ ಎಳ್ಳುಬೆಲ್ಲಕ್ಕೆ ಅವರಷ್ಟು ಸಣ್ಣಗೆ ಅಚ್ಚುಬೆಲ್ಲ ಹೆಚ್ಚುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಹಬ್ಬದ ದಿನವೂ ಬೆಳಿಗ್ಗೆಯಿಂದ ಅದೇ ಕೆಲಸ. ಮಧ್ಯಾಹ್ನ ಊಟಕ್ಕೆ ಮುಂಚೆ ಸೆರಗಿಗೆ ಕೈ ಒರೆಸಿಕೊಂಡು ಮಗನ ಮುಂದೆ ಬೆರಳು ಚಾಚಿದರು. ನೋಡಿದರೆ ಸಕ್ಕರೆ ಎಂದೂ ಇಲ್ಲದಷ್ಟು ಏರಿತ್ತು.

ಹೆಚ್ಚಿದ್ದಕ್ಕಿಂತ ತಿಂದಿದ್ದೇ ಜಾಸ್ತಿ ಇರಬೇಕು ಎಂದು ಇವರು ರೇಗಿದರು.

"ಒಂದು ಚೂರೂ ಬಾಯಿಗೆ ಹಾಕ್ಕೊಂಡಿಲ್ಲ ಕಣೋ," ಎಂದರು ಅತ್ತೆ.

"ಮತ್ತೆ ಮೆಷಿನ್ ಸುಳ್ಳು ಹೇಳುತ್ತಾ ಅಮ್ಮ?"

"ಹಾಗಾದ್ರೆ ನಾನು ಸುಳ್ಳು ಹೇಳ್ತೀನಾ?"

ಸಕ್ಕರೆ ಏರಿದ್ದರೆ ಇನ್ಸುಲಿನ್ ಜಾಸ್ತಿ ಮಾಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವರು ಹಾಗೇ ಚುಚ್ಚಿದರು. ಅತ್ತೆ ಮುಖ ಊದಿಸಿಕೊಂಡು, ಹಸಿವಿಲ್ಲ ಎಂದು ತಟ್ಟೆ ಸರಿಸಿ, ಮತ್ತೆ ಎಳ್ಳುಬೆಲ್ಲ ಕಲೆಸಿ ಪೊಟ್ಟಣ ಕಟ್ಟಲು ಕೂತರು. ಸಿಟ್ಟು ಇಳಿದ ಮೇಲೆ ಉಣ್ಣುತ್ತಾರೆ ಬಿಡು ಅಂದುಕೊಂಡೆವು.

ಸಂಜೆ ನಾನು ಮಗಳ ಜೊತೆ ಎಳ್ಳು ಬೀರಿ ಬಂದಾಗ ಅತ್ತೆ ಗೋಡೆಗೆ ಒರಗಿದ್ದರು. ರವಿಕೆ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು. ನನ್ನನ್ನು ತಮ್ಮ ತಾಯಿ ಎಂದುಕೊಂಡು "ಅವ್ವಾ" ಎಂದರು. ಊಟವಿಲ್ಲದೆ ಹೀಗಾಗಿದೆ ಎಂದು ಸಕ್ಕರೆ ನೀರು ಕದಡಿ ತಂದೆ. ಇವರು ತಡೆದು, ಮತ್ತೆ ಬೆರಳು ಚುಚ್ಚಿದರು. ಅಂಕಿ ಇನ್ನೂ ಮೇಲೇ ಇತ್ತು.

"ಇಷ್ಟಿರುವಾಗ ಸಕ್ಕರೆ ಕೊಟ್ಟು ಸಾಯಿಸ್ತೀಯಾ?" ಎಂದು ನನ್ನ ಕೈಯಿಂದ ಲೋಟ ಕಿತ್ತುಕೊಂಡರು.

ಆಟೋ ಹಿಡಿದೆವು. ಹೊಸಹಳ್ಳಿಯ ಹತ್ತಿರ ದನಗಳಿಗೆ ಕಿಚ್ಚು ಹಾಯಿಸುತ್ತಿದ್ದರು. ಜನ ಸೇರಿ ರಸ್ತೆ ಕಟ್ಟಿಹೋಗಿತ್ತು. ಆಟೋ ನಿಂತಲ್ಲೇ ನಿಂತಿತು. ಅತ್ತೆಗೆ ನನ್ನ ಮಡಿಲಲ್ಲೇ ಫಿಟ್ಸ್ ಬಂತು.

ನರ್ಸಿಂಗ್ ಹೋಮಿನಲ್ಲಿ ಲೇಡಿ ಡಾಕ್ಟರು ಬೆರಳನ್ನು ಚೆನ್ನಾಗಿ ಒರೆಸಿ ಪರೀಕ್ಷೆ ಮಾಡಿದರು. ಸಕ್ಕರೆ ತಳ ಕಂಡಿತ್ತು. ಗ್ಲೂಕೋಸ್ ಏರಿಸಿದ ಮೇಲೆ, ಮನೆಯ ಮೆಷಿನ್ ತೋರಿಸಿದ್ದೇ ಬೇರೆ ಎಂದು ಇವರು ವಾದಕ್ಕೆ ನಿಂತರು. ಡಾಕ್ಟರು ಅತ್ತೆಯ ಕೈ ಎತ್ತಿ ಹಿಡಿದರು. ಉಗುರಿನ ಸಂದಿಯಲ್ಲೆಲ್ಲ ಬೆಲ್ಲ.

"ನಿಮ್ಮ ಮೆಷಿನ್ ಈ ಬೆಲ್ಲಾನೂ ಸೇರಿಸಿ ಅಳೆದಿದೆ. ಕೈ ತೊಳೆಸಿರಲಿಲ್ವಾ?"



ಅತ್ತೆ ಕಣ್ಣೇನೋ ಬಿಟ್ಟರು. ಆದರೆ ಮಿದುಳಿಗೆ ಬಹಳ ಹೊತ್ತು ಸಕ್ಕರೆ ಸಿಕ್ಕಿರಲಿಲ್ಲವಂತೆ. ಯಾರ ಗುರುತೂ ಹತ್ತಲಿಲ್ಲ, ಮಾತೂ ಮರಳಲಿಲ್ಲ. ಮುಂದಿನ ಸಂಕ್ರಾಂತಿಗೆ ಅವರಿರಲಿಲ್ಲ. ಅವರು ಮಗನನ್ನು ಕೇಳಿದ ಕೊನೆಯ ಮಾತು, ನಾನು ಸುಳ್ಳು ಹೇಳ್ತೀನಾ ಎಂಬ ಆ ಪ್ರಶ್ನೆಯೇ.

ಈಗ ಇವರಿಗೂ ಸಕ್ಕರೆ ಕಾಯಿಲೆ. ಬೆರಳು ಚುಚ್ಚಿಕೊಳ್ಳುವ ಮುಂಚೆ ನಲ್ಲಿ ಬಿಟ್ಟು, ಅದರ ಕೆಳಗೆ ಕೈ ಹಿಡಿದು ಬಹಳ ಹೊತ್ತು ನಿಲ್ಲುತ್ತಾರೆ. ನೀರು ಪೋಲಾಗುತ್ತಿದೆ ಎಂದು ನಾನು ಹೇಳುವುದಿಲ್ಲ.