ಗೋಡೆಯ ಮೇಲಿನ ಟೀಚರ್

ನನ್ನ ಪಾಠವನ್ನು ನಾನೇ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವ ಯೋಗ ನನಗೆ ಬಂದದ್ದು ಗಂಟಲು ಕೆಟ್ಟ ಮೇಲೆ. ಅಲ್ಲಿ ಬೆಳೆದಿದ್ದ ಗಂಟನ್ನು ತೆಗೆದ ಬೆಳಗಾವಿಯ ಡಾಕ್ಟರು, ಒಂದು ತಿಂಗಳು ಪಿಸುಮಾತೂ ಕೂಡದು ಎಂದರು. ಮಾತಾಡಿಯೇ ಸಂಬಳ ಪಡೆದವಳು ನಾನು.

ಖಾನಾಪುರದ ನಮ್ಮ ಹೈಸ್ಕೂಲಿನಲ್ಲಿ ಗಣಿತಕ್ಕೆ ಇನ್ನೊಬ್ಬರಿಲ್ಲ. "ರಜಾ ತಗೋರಿ ಟೀಚರ್. ಪೋರ್ಶನ್ ಹ್ಯಾಂಗರ ಮಾಡಿ ಮುಗಸೂಣು," ಎಂದರು ಹೆಡ್‌ಮಾಸ್ತರರು. ಹತ್ತನೇ ತರಗತಿಯ ರೇಖಾಗಣಿತ 'ಹ್ಯಾಂಗರ' ಮುಗಿಯುವಂಥದ್ದಲ್ಲ. ಒಲ್ಲೆ ಎಂದು ತಲೆಯಾಡಿಸಿದೆ. "ಆತು, ಒಂದ್ ವಾರ ನೋಡೂಣು," ಎಂದರು.

ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆ ಎಳೆಯುತ್ತ, ಮಾತಾಡುತ್ತ ರೆಕಾರ್ಡ್ ಮಾಡಿದ್ದ ಪಾಠಗಳು ನನ್ನಲ್ಲಿದ್ದವು. ಪ್ರೊಜೆಕ್ಟರ್ ಹಚ್ಚಿ ಅವನ್ನು ಗೋಡೆಯ ಮೇಲೆ ಬಿಟ್ಟೆ. ಏನು ಕಂಠ, ಏನು ಓಟ! ಬೆಂಚಿನಲ್ಲಿ ಸ್ವಲ್ಪ ಬೀಗಿದ್ದೂ ಹೌದು. ತ್ರಿಭುಜಗಳ ಕ್ಷೇತ್ರಫಲ ಹೋಲಿಸಿ ಸಾಧಿಸುವ ಥೇಲ್ಸ್‌ನ ಪ್ರಮೇಯ ನಡೆದಿತ್ತು. ತ್ರಿಭುಜದೊಳಗೆ ಒಂದು ಲಂಬ ಇಳಿಯಿತು. "ತಿಳೀತಲ್ಲಾ?" ಎಂದಳು ಗೋಡೆಯವಳು, ಉಸಿರನ್ನೂ ತೆಗೆದುಕೊಳ್ಳದೆ ಮುಂದಕ್ಕೆ ಹೋದಳು.

ನಂದಗಡದಿಂದ ಬರುವ ರೇಣುಕಾ ನನ್ನ ಕಡೆ ತಿರುಗಿದಳು. "ಟೀಚರ್, ಆಕೀನ ಸ್ವಲ್ಪ ನಿಲ್ಲಸ್ರಿ."

"ಏ, ಆಕಿ ಅಂತೀಯಲ್ಲ, ಅವರೂ ಇವರೂ ಒಬ್ಬರ!" ಎಂದ ಮಾರುತಿ. ಇಡೀ ವರ್ಗ ನಕ್ಕಿತು. ರೇಣುಕಾ ನಗಲಿಲ್ಲ. "ಇವರನ್ನಲ್ಲೋ, ಗ್ವಾಡಿ ಮ್ಯಾಲಿನವರನ್ನ. ಅವರು ಕೇಳತಾರ, ನಾವು ಹೇಳೂ ತನಕಾ ನಿಂದ್ರೂದಿಲ್ಲ. ಆ ಗೆರಿ ಯಾಕ್ ಬಂತರಿ?"

ಎದುರಿಗಿರುವ ಟೀಚರ್ ಬಗ್ಗೆ ಯಾವ ಮಗುವೂ ಹೀಗೆ ದೂರುವುದಿಲ್ಲ. ಗೋಡೆಯವಳ ಬಗ್ಗೆ ನನ್ನಲ್ಲೇ ದೂರಬಹುದಾಗಿತ್ತು. ರೇಖಾಗಣಿತದ ಪುಸ್ತಕಗಳಲ್ಲಿ 'ರಚನೆ' ಎಂಬ ಶಬ್ದ ಸರ್ಕಾರಿ ಆದೇಶವಿದ್ದ ಹಾಗೆ: ಇಲ್ಲಿಂದ ಅಲ್ಲಿಗೆ ಗೆರೆ ಎಳೆಯಿರಿ, ಯಾಕೆಂದು ಕೇಳಬೇಡಿ. ನಾನೂ ಕೇಳಗೊಟ್ಟಿರಲಿಲ್ಲ.

ಗೋಡೆಯ ಪಾಠವನ್ನು ನಿಲ್ಲಿಸಿದೆ. ಉತ್ತರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಎದ್ದುಹೋಗಿ ಬೋರ್ಡಿನ ಮೇಲೆ ಬರೆದುಬಿಡಬಹುದಿತ್ತು. ಕೈಗಳನ್ನು ತೊಡೆಯ ಕೆಳಗಿಟ್ಟು ಕುಳಿತೆ. ವರ್ಗದಲ್ಲಿ ಗುಜುಗುಜು ಎದ್ದಿತು. ಮಾರುತಿ ಗೋಡೆಯ ಹತ್ತಿರ ಹೋಗಿ ಲಂಬದ ಮೇಲೆ ಬೆರಳಿಟ್ಟ. "ಅಗಂ, ಉಂಚಿ ಪಾಹಿಜೆ ನಾ!" ಎಂದು ಮನೆಯ ಮರಾಠಿಯಲ್ಲೇ ಕೂಗಿದ. "ಎತ್ತರ ಬೇಕಲ್ಲ! ಎತ್ತರ ಇಲ್ಲದ ಕ್ಷೇತ್ರಫಲ ಹ್ಯಾಂಗ ತಗೀತಿ?"

"ಹಂಗಾರ ಆ ಕಡೀಗೂ ಒಂದು ಬೇಕು," ಎಂದಳು ರೇಣುಕಾ. ಎರಡನೇ ಲಂಬವನ್ನು ಗೋಡೆಯವಳು ಇನ್ನೂ ಎಳೆದಿರಲಿಲ್ಲ.

ಬಾಗಿಲಲ್ಲಿ ಹೆಡ್‌ಮಾಸ್ತರರು ಎಷ್ಟು ಹೊತ್ತಿನಿಂದ ನಿಂತಿದ್ದರೋ. "ನಡೀಲಿ, ನಡೀಲಿ," ಎಂದು ಹೊರಟುಹೋದರು. ರಜೆಯ ಮಾತು ಮತ್ತೆ ಬರಲಿಲ್ಲ.

ಈಗ ದಿನಕ್ಕೆ ಸ್ವಲ್ಪ ಹೊತ್ತು ಮಾತಾಡಲು ಅನುಮತಿಯಿದೆ. ಆ ಹೊತ್ತಿನಲ್ಲಿ ಹಳೆಯ ಪಾಠಗಳನ್ನೆಲ್ಲ ಒಂದೊಂದಾಗಿ ಹೊಸದಾಗಿ ರೆಕಾರ್ಡ್ ಮಾಡುತ್ತಿದ್ದೇನೆ. ಎಲ್ಲವೂ ಮುಗಿಯುವ ತನಕ ಬಿಡುವುದಿಲ್ಲ. ಕಂಠ ಒಡೆದಿದೆ, ನಡುನಡುವೆ ಮಾತು ತಡವರಿಸುತ್ತದೆ. ಅದನ್ನು ಕತ್ತರಿಸಿ ಹಾಕುವುದು ಸುಲಭ. ಹಾಗೇ ಇಟ್ಟಿದ್ದೇನೆ: ನಾನು ಎಡವುವ ಕಡೆಯೇ ಮಕ್ಕಳು ಬಾಯಿ ತೆರೆಯುತ್ತಾರೆ.